ಎತ್ತಬೇಡಿ ಎಂದಿದ್ದ ಕೈ

ಫಿಸಿಯೋಥೆರಪಿಸ್ಟ್ ಎಂಬ ಪದವನ್ನು ಪೂರ್ತಿಯಾಗಿ ಉಚ್ಚರಿಸಿದ ರೋಗಿಗಳು ನನ್ನ ಇಡೀ ಸೇವೆಯಲ್ಲಿ ನಾಲ್ಕೈದು ಮಂದಿ ಸಿಕ್ಕಿರಬಹುದು. ಉಳಿದವರಿಗೆಲ್ಲ ನಾನು 'ಕರೆಂಟ್ ಡಾಕ್ಟ್ರು'. ಸೊಂಟ ಹಿಡಿದುಕೊಂಡವರು, ಭುಜ ಬಿಗಿದವರು ಬಾಗಿಲಲ್ಲೇ ನಿಂತು, "ಸಾರ್, ಒಂದೀಟು ಕರೆಂಟ್ ಕೊಡ್ರಿ" ಎನ್ನುತ್ತಿದ್ದರು. ನನ್ನ ಹತ್ತಿರ ಒಂದು ಸಣ್ಣ ಯಂತ್ರವಿತ್ತು. ಅದರ ಪಟ್ಟಿಯನ್ನು ನೋವಿರುವ ಕಡೆ ಅಂಟಿಸಿದರೆ ಚುರುಚುರು ಎನ್ನುತ್ತಿತ್ತು. ಜನ ಸಮಾಧಾನವಾಗಿ ಎದ್ದು ಹೋಗುತ್ತಿದ್ದರು. ಕರೆಂಟು ಹೋದ ದಿನ ನನ್ನನ್ನು ಯಾರೂ ಮಾತನಾಡಿಸುತ್ತಿರಲಿಲ್ಲ.

ಈಗ ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿಗೆ ವ್ಯಾಯಾಮ ಹೇಳಿಕೊಡುವುದರಲ್ಲಿ ನಿಮಗೆ ಬಹಳ ಅನುಭವವಿದೆಯಂತೆ, ಬರೆದುಕೊಡಿ ಎಂದು ಕೇಳಿದರು. ಅನುಭವ ಇರುವುದು ನಿಜ. ಆದರೆ ಅದರಲ್ಲಿ ಮುಕ್ಕಾಲು ಪಾಲು ತಪ್ಪು ಮಾಡಿದ ಅನುಭವ. ಬಡ್ತಿಯ ವಿಷಯ ಬರೆಯುವ ಕಷ್ಟ ನನಗಿಲ್ಲ. ಸೇರಿದ ದಿನ ಕೊಟ್ಟ ಕುರ್ಚಿಯಲ್ಲೇ ನಿವೃತ್ತನಾದೆ. ನಡುವೆ ಒಮ್ಮೆ ಅದರ ಬೆತ್ತ ಹರಿದು ಪ್ಲಾಸ್ಟಿಕ್ ವೈರು ಹೆಣೆಸಿದರು, ಅಷ್ಟೇ ಬದಲಾವಣೆ.

ಒಂದು ಸೇವಾಸಂಸ್ಥೆಯ ಯೋಜನೆಯಲ್ಲಿ ನನ್ನ ನೌಕರಿ. ವಾರಕ್ಕೊಂದು ದಿನ ಒಂದು ಊರು, ಅಲ್ಲಿನ ಆಸ್ಪತ್ರೆಯಲ್ಲಿ ಒಂದು ಕೋಣೆ. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಮನೆ ಚನ್ನಗಿರಿಯಲ್ಲಿ. ಜಗಳೂರಿಗೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಬಸ್ಸಿನಲ್ಲಿ ಕೂತು ಬಸ್ಸಿನಲ್ಲೇ ನಿದ್ದೆ ಮಾಡಿ, ಇಳಿದು, ಕುರ್ಚಿಯಲ್ಲಿ ಕೂತು, ಜನರಿಗೆ "ಓಡಾಡಿ, ಕೈಕಾಲು ಆಡಿಸಿ" ಎಂದು ಹೇಳಿ, ಮತ್ತೆ ಬಸ್ಸಿನಲ್ಲಿ ಕೂತು ಮನೆಗೆ ಬರುತ್ತಿದ್ದೆ. ನಮ್ಮ ಮನೆಯಿಂದ ಹಾಲಿನ ಬೂತಿಗೆ ನೂರು ಹೆಜ್ಜೆ. ಸ್ಕೂಟರಿನಲ್ಲಿ ಹೋಗುತ್ತಿದ್ದೆ. ನನ್ನ ಹೆಂಡತಿ ಸರೋಜ, "ವ್ಯಾಯಾಮದ ಮೇಷ್ಟ್ರು ಸವಾರಿ ಹೊಂಟ್ರು" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು.

ಒಂದು ಮಂಗಳವಾರ ಹೊನ್ನಾಳಿಯಲ್ಲಿ ಖೈರುನ್‌ಬಿ ಬಂದರು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವರದು ಗಾದಿ ಮಾಡುವ ಮನೆತನ. ಹತ್ತಿ ಹಿಂಜುವುದಕ್ಕೆ ಯಂತ್ರ ಬಂದಿದ್ದರೂ ಅದನ್ನು ಗವಸಿನೊಳಗೆ ತುಂಬುವುದು, ಉದ್ದನೆಯ ಕೋಲಿನಿಂದ ಬಡಿದು ಸಮ ಮಾಡುವುದು, ದಬ್ಬಣ ಹಾಕಿ ಹೊಲಿಯುವುದು ಇನ್ನೂ ಕೈಯ ಕೆಲಸವೇ. ಗಂಡ ತೀರಿಹೋದ ಮೇಲೆ ಅಂಗಡಿ ನಡೆಸುತ್ತಿದ್ದವರು ಈಕೆಯೇ. ಮೂರು ತಿಂಗಳ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಬಲಗಡೆಯ ಎದೆಯ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಬಲಗೈಯನ್ನು ಮಗುವಿನ ಹಾಗೆ ಎಡಗೈಯಲ್ಲಿ ಹಿಡಿದುಕೊಂಡು ಕೂತರು.

"ಸಾರ್, ಕೋಲು ಯಾವಾಗ ಹಿಡೀಬೋದು ನಾನು? ಮಳೆಗಾಲ ಮುಗೀತು, ಮದುವಿ ಗಾದಿ ಕೇಳಾಕೆ ಜನ ಬರ್ತಾರೆ."

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಗಂಭೀರವಾಗಿ ಕಾಣಬೇಕಾದಾಗಲೆಲ್ಲ ನಾನು ಹಾಗೆ ಒರಗುತ್ತಿದ್ದೆ. ಓದಿದ ಕಾಲದಲ್ಲಿ ನನಗೆ ಕಲಿಸಿದ್ದು ಒಂದೇ: ಕಂಕುಳಿನ ಗಂಟು ತೆಗೆದ ಕೈಗೆ ಭಾರ ಬಿದ್ದರೆ ಅದು ಬಾತುಕೊಳ್ಳುತ್ತದೆ, ಬಾತ ಕೈ ಮತ್ತೆ ಇಳಿಯುವುದು ಕಷ್ಟ. ಆದ್ದರಿಂದ ಆ ಕೈಯನ್ನು ಕಾಪಾಡಬೇಕು.

"ಕೋಲಾ? ಆ ಮಾತೇ ಬೇಡಮ್ಮ. ಈ ಕೈಯಾಗೆ ನೀರಿನ ತಂಬಿಗೆನೂ ಎತ್ತಬೇಡಿ" ಎಂದೆ.

"ಎಷ್ಟು ದಿನ?"

"ದಿನ ಅಲ್ಲಮ್ಮ. ಇನ್ಮೇಲೆ ಯಾವತ್ತೂ."

ಆಕೆ ಬಲಗೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದರು. ಆಮೇಲೆ, "ದೊಡ್ಡೋರು ಹೇಳಿದ್ರೆ ಕೇಳ್ಬೇಕು ಬಿಡ್ರಿ" ಎಂದು ಎದ್ದರು. ಹೋಗುವ ಮುಂಚೆ ನನ್ನ ಮೇಜಿನ ಮೇಲಿದ್ದ ಅವರ ಚೀಲವನ್ನು ಎಡಗೈಯಿಂದ ತೆಗೆದುಕೊಂಡರು. ಹೇಳಿದ್ದನ್ನು ಅಷ್ಟು ಬೇಗ ಪಾಲಿಸಿದ ರೋಗಿಯನ್ನು ಕಂಡು ನನಗೆ ಬಹಳ ಹೆಮ್ಮೆಯಾಯಿತು. ಆ ದಿನದ ವಹಿಯಲ್ಲಿ 'ಸೂಕ್ತ ಸಲಹೆ ನೀಡಲಾಗಿದೆ' ಎಂದು ಬರೆದೆ.

ಇದಾಗಿ ಮೂರು ವರ್ಷ ಕಳೆದ ಮೇಲೆ ನಮ್ಮ ಯೋಜನೆಗೆ ಹೊಸ ಮುಖ್ಯಸ್ಥೆ ಬಂದರು. ವಸುಧಾ ಮೇಡಂ ಎನ್ನುತ್ತಿದ್ದೆವು. ಕ್ಯಾನ್ಸರ್ ರೋಗಿಗಳ ಜೊತೆಯಲ್ಲೇ ಕೆಲಸ ಮಾಡಿ ಬಂದ ವೈದ್ಯೆ. ಸಣ್ಣ ಆಳು, ದೊಡ್ಡ ದನಿ. ಬಂದ ವಾರವೇ ನಮ್ಮನ್ನೆಲ್ಲ ದಾವಣಗೆರೆಗೆ ಕರೆಸಿ ಎರಡು ದಿನ ತರಬೇತಿ ಇಟ್ಟರು. ತರಬೇತಿ ಎಂದರೆ ನನಗೆ ಮಧ್ಯಾಹ್ನದ ಊಟ. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಜಾಗ ಹಿಡಿದಿದ್ದೆ.

ಮೇಡಂ ಹೇಳಿದ್ದು ಹೀಗೆ. ಕ್ಯಾನ್ಸರ್ ಚಿಕಿತ್ಸೆ ಮುಗಿದವರಿಗೆ 'ರೆಸ್ಟ್ ಮಾಡಿ' ಎಂದು ಹೇಳಿ ಕಳಿಸುವ ಕಾಲ ಹೋಯಿತು. ಕೀಮೋ ಆದ ಮೇಲೆ ಬರುವ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ, ಅಳತೆಯಾಗಿ ನಡೆದಾಡಿದರೆ ಕಡಿಮೆಯಾಗುತ್ತದೆ. ನಿದ್ದೆ ಬರುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಇನ್ನು ಎದೆಯ ಆಪರೇಷನ್ ಆದವರ ಕೈ. ಅದನ್ನು ಕಟ್ಟಿ ಇಟ್ಟರೆ ಭುಜ ಬಿಗಿಯುತ್ತದೆ, ಬಲ ಹೋಗುತ್ತದೆ. ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಭುಜ, ಆಮೇಲೆ ಸ್ವಲ್ಪ ಸ್ವಲ್ಪ ಭಾರ. ಕೈಯ ಮೇಲೆ ಕಣ್ಣಿಟ್ಟು, ಮೆಲ್ಲಗೆ ಏರಿಸುತ್ತ ಹೋದರೆ ಅದು ಕೆಲಸಕ್ಕೆ ಮರಳುತ್ತದೆ.

"ಇಲ್ಲಿ ಯಾರಾದ್ರೂ ರೋಗಿಗೆ 'ಜನ್ಮದಲ್ಲಿ ಆ ಕೈ ಎತ್ತಬೇಡಿ' ಅಂತ ಹೇಳಿದ್ದೀರಾ?" ಎಂದು ಮೇಡಂ ಕೇಳಿದರು.

ಯಾರೂ ಕೈ ಎತ್ತಲಿಲ್ಲ. ನನ್ನ ಎರಡೂ ಕೈ ಚೆನ್ನಾಗಿದ್ದವು, ಆದರೂ ಎತ್ತಲಿಲ್ಲ.

ಆ ಮೇಲಿನ ಮಂಗಳವಾರಗಳಲ್ಲಿ ನಾನು ಹೊನ್ನಾಳಿಗೆ ಹೋದೆ, ಕೆಲಸ ಮಾಡಿದೆ, ಬಂದೆ. ಖೈರುನ್‌ಬಿಯವರ ಅಂಗಡಿ ಬಸ್ ನಿಲ್ದಾಣದಿಂದ ಎರಡನೇ ಓಣಿ. ನಾನು ಮೂರನೇ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಜೀವನದಲ್ಲಿ ನಾನು ಸ್ವಂತ ಇಚ್ಛೆಯಿಂದ ಹೆಚ್ಚು ನಡೆದ ಕಾಲ ಅದೇ. ಆ ತಪ್ಪನ್ನು ಬೇರೆ ಕಡೆ ತೀರಿಸುತ್ತೇನೆಂದುಕೊಂಡು ಹೊಸ ವಿಧಾನವನ್ನು ಉಳಿದ ಮೂರು ಊರುಗಳಲ್ಲಿ ಬಹಳ ಹುರುಪಿನಿಂದ ಶುರು ಮಾಡಿದೆ.

ಜಗಳೂರಿನ ಓಬಕ್ಕ ಆ ಹುರುಪಿಗೆ ಮೊದಲು ಸಿಕ್ಕವರು. ಊರಾಚೆಯ ಹಟ್ಟಿಯವರು. ಗರ್ಭಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದು ಐದಾರು ತಿಂಗಳಾಗಿತ್ತು. ರೋಗ ಇಲ್ಲ ಎಂದು ದೊಡ್ಡ ಆಸ್ಪತ್ರೆಯವರು ಹೇಳಿ ಕಳಿಸಿದ್ದರೂ ಮಂಚ ಬಿಟ್ಟಿರಲಿಲ್ಲ. ಮನೆಯವರು ಪ್ರೀತಿಯಿಂದಲೇ ಒಂದು ಕಡ್ಡಿಯನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ದಿನಾ ಎರಡು ಹೊತ್ತು ನಡೆಯಿರಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಕೇಳಿದರೆ ಮೂರೇ ದಿನ ನಡೆದು ಬಿಟ್ಟಿದ್ದರು.

"ಯಾಕ್ರೀ ಅಕ್ಕಾ?"

"ಹೆಂಗೆ ನಡೀಲಿ ಸಾರ್? ಮನಿ ದಾಟಿದ್ರೆ ಸಾಕು, ಎಲ್ಲಿಗೆ ಹೊಂಟಿ ಅಂತಾರೆ. ಎಲ್ಲಿಗೂ ಇಲ್ಲ, ಸುಮ್ನೆ ನಡೀತೀನಿ ಅಂದ್ರೆ ತಲಿ ಕೆಟ್ಟೈತೆ ಇವಳಿಗೆ ಅಂತ ಮಾತಾಡ್ಕಂತಾರೆ. ನಿನ್ನೆ ನಮ್ಮ ನಾದಿನಿ ನಿಂಬೆಹಣ್ಣು ನಿವಾಳಿಸಿದ್ಲು."

ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಎರಡು ವಾರದ ಮೇಲೆ ಓಬಕ್ಕನೇ ಉತ್ತರ ಕಂಡುಹಿಡಿದು ತಂದರು. ಅವರ ಕೈಯಲ್ಲಿ ಒಂದು ಖಾಲಿ ಹಾಲಿನ ಕ್ಯಾನು. "ಇದನ್ನ ಹಿಡ್ಕಂಡು ಹೋದ್ರೆ ಯಾರೂ ಕೇಳಾಕಿಲ್ಲ ಸಾರ್. ಹಾಲು ಹಾಕಾಕೆ ಹೊಂಟಾಳೆ ಅಂತಾರೆ. ನಮ್ಮನ್ಯಾಗೆ ಎಮ್ಮೆನೇ ಇಲ್ಲ!"

ನಾನು ಖುಷಿಯಾಗಿ, ಎಷ್ಟು ಜೋರು ನಡೆಯಬೇಕೆಂದು ತೋರಿಸುತ್ತೇನೆ ಬನ್ನಿ ಎಂದು ಜಂಬದಿಂದ ಹೊರಟೆ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಜೋರು ಎನ್ನುವುದು ನಮ್ಮ ಲೆಕ್ಕ. ಕೆರೆ ಏರಿಯ ಅರ್ಧ ದಾರಿಗೆ ನನಗೆ ಹಾಡುವುದಿರಲಿ, ಮಾತೂ ನಿಂತುಹೋಯಿತು. ಓಬಕ್ಕ ಕ್ಯಾನು ಬೀಸುತ್ತ ಮುಂದೆ ಹೋಗಿ, ತಿರುಗಿ ನೋಡಿ, ವಾಪಸು ಬಂದರು. ನಾನು ಒಂದು ಕಲ್ಲಿನ ಮೇಲೆ ಕೂತು ಎದೆ ಹಿಡಿದುಕೊಂಡಿದ್ದೆ. ನನ್ನ ಪಕ್ಕದಲ್ಲಿ ಕೂತು ಬಹಳ ಅಂತಃಕರಣದಿಂದ ಕೇಳಿದರು, "ಸಾರ್, ನಿಮಗೂ ಆಪರೇಷನ್ ಆಗೈತಾ?"

ಚನ್ನಗಿರಿಯಲ್ಲಿ ನಲ್ಲೂರಿನ ಬಸಣ್ಣ. ಅಲ್ಲಿ ಸಣ್ಣ ಚಹಾದಂಗಡಿ ಇಟ್ಟಿದ್ದವರು, ತಂಬಾಕು ಸೇರಿಸಿ ಅಡಿಕೆ ಅಗಿಯುವ ಚಟ ಇದ್ದವರು. ದವಡೆಯ ಒಳಗಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ವಿಕಿರಣ ಚಿಕಿತ್ಸೆಯೂ ಆಗಿ, ಜೀವ ಉಳಿದಿತ್ತು. ಆದರೆ ಬಾಯಿ ಮುಚ್ಚಿಕೊಳ್ಳುತ್ತ ಬಂದು ಒಂದು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು. ಅಂಬಲಿ, ಹಾಲು, ನೀರು, ಎಲ್ಲವೂ ಸ್ಟ್ರಾದಲ್ಲಿ. ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ವ್ಯಾಯಾಮ ಎಂದರೆ ಕೈಕಾಲಿನದು ಮಾತ್ರ ಅಲ್ಲ, ದವಡೆಯದೂ ಇದೆ ಎಂದು ನಾನು ಕಲಿತಿದ್ದು ಇವರಿಂದ.

ಅದಕ್ಕೆ ಬೇಕಾದದ್ದು ಐಸ್‌ಕ್ರೀಮ್ ಕಡ್ಡಿಗಳು. ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಹಿಡಿದುಕೊಳ್ಳಬೇಕು. ಅದು ಅಭ್ಯಾಸವಾದ ಮೇಲೆ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು. ಬಸಣ್ಣ ಎಂಟು ಕಡ್ಡಿಯಲ್ಲೇ ನಿಂತುಬಿಟ್ಟಿದ್ದರು. ನೋವಿಗೆ ಕಣ್ಣಲ್ಲಿ ನೀರು. "ಆಗಲ್ಲ ಸಾರ್, ಬಿಟ್ಬಿಡ್ರಿ" ಎಂದರು. ಅವರಿಗೆ ಧೈರ್ಯ ಬರಲೆಂದು ನಾನು, "ಇಲ್ನೋಡಿ ಬಸಣ್ಣ, ಇದರಲ್ಲಿ ಏನೈತೆ" ಎಂದು ಕಟ್ಟುಗಟ್ಟಲೆ ಕಡ್ಡಿ ನನ್ನ ಬಾಯಿಗೆ ತುರುಕಿದೆ. ಸಾಲದೆಂದು ಇನ್ನೂ ನಾಲ್ಕು ತೂರಿಸಿದೆ. ದವಡೆ ಕಟಕ್ ಎಂದಿತು. ಕಡ್ಡಿ ಹೊರಗೆ ಬಂದವು, ಬಾಯಿ ಮಾತ್ರ ಹಾಗೇ ನಿಂತಿತು.

ಬಾಯಿ ತೆರೆಯಲಾಗದ ಬಸಣ್ಣ, ಬಾಯಿ ಮುಚ್ಚಲಾಗದ ನಾನು, ಎದುರುಬದುರು ಕೂತಿದ್ದೆವು. ನರ್ಸಮ್ಮ ಬಂದು ನನ್ನ ದವಡೆ ಉಜ್ಜಿ ಸರಿ ಮಾಡುವಷ್ಟರಲ್ಲಿ ಬಸಣ್ಣ ನಗುತ್ತ ನಗುತ್ತ ಮೇಜಿಗೆ ತಲೆ ಇಟ್ಟಿದ್ದರು. ಆಪರೇಷನ್ ಆದ ಮೇಲೆ ಗಂಡ ನಕ್ಕಿದ್ದನ್ನು ಇದೇ ಮೊದಲು ನೋಡಿದ್ದೆಂದು ಅವರ ಹೆಂಡತಿ ಹೇಳಿದರು. ಆ ದಿನ ಒಂಬತ್ತನೆಯ ಕಡ್ಡಿ ಒಳಗೆ ಹೋಯಿತು. ಬಸಣ್ಣ ತಿಂಗಳುಗಟ್ಟಲೆ ಬಿಡದೆ ಮಾಡಿದರು. ಕೊನೆಗೆ ದೋಸೆ ಮಡಿಚಿ ಬಾಯಿಗಿಡುವ ಮಟ್ಟಕ್ಕೆ ಬಂದರು. ಯಾರಿಗಾದರೂ ತಮ್ಮ ಕಥೆ ಹೇಳುವಾಗ ಈಗಲೂ ಮೊದಲು ಹೇಳುವುದು ನನ್ನ ದವಡೆಯ ಕಥೆಯಂತೆ.

ಇಷ್ಟರಲ್ಲಿ ಈ ಗೆಲುವು ನನ್ನ ತಲೆಗೇರಿತ್ತು. ವ್ಯಾಯಾಮ ಒಂದಿದ್ದರೆ ಎಲ್ಲಕ್ಕೂ ಆಯಿತು ಎಂಬ ಭ್ರಮೆ. ನ್ಯಾಮತಿಯ ಹಾಲೇಶಪ್ಪ ಎಂಬ ಹಿರಿಯರು ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದವರು. ಸೊಂಟನೋವು ಎಂದು ಬಂದರು. ನೋವು ಯಾವಾಗಿನಿಂದ, ರಾತ್ರಿ ಮಲಗಿದಾಗಲೂ ಇದೆಯೇ, ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಗ್ಗುವುದು, ತಿರುಗುವುದು, ಸೊಂಟ ಎತ್ತುವುದು, ಹೀಗೆ ಆರು ವ್ಯಾಯಾಮ ಬರೆದುಕೊಟ್ಟು ಬೆನ್ನು ತಟ್ಟಿ ಕಳಿಸಿದೆ. ತಟ್ಟಿದ್ದು ಕೂಡ ನೋವಿರುವ ಕಡೆಗೇ.

ಆ ವಾರ ವಸುಧಾ ಮೇಡಂ ನನ್ನ ವಹಿ ತಿರುವುತ್ತಿದ್ದವರು ಆ ಪುಟಕ್ಕೆ ಬಂದು ನಿಂತರು.

"ಇವರ ಮೂಳೆ ಪರೀಕ್ಷೆ ಆಗಿದೆಯಾ?"

"ಇಲ್ಲ ಮೇಡಂ."

"ಈ ಕ್ಯಾನ್ಸರ್ ಮೂಳೆಗೆ ಹೋಗುತ್ತೆ ಅಂತ ಗೊತ್ತಲ್ವಾ ನಿಮಗೆ? ಬೆನ್ನುಮೂಳೆ ಮುರಿದ್ರೆ ಅವರು ಮತ್ತೆ ನಡೀತಾರಾ?"

ಮೇಡಂ ಜೀಪಿನಲ್ಲೇ ಇಬ್ಬರೂ ನ್ಯಾಮತಿಗೆ ಹೋದೆವು. ಹಾಲೇಶಪ್ಪನವರು ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಅವರ ಮುಖ ಸಣ್ಣದಾಯಿತು. "ಬರ್ರಿ ಸಾರ್. ಸಿಟ್ಟಾಗಬ್ಯಾಡ್ರಿ, ಒಂದು ಸತ್ಯ ಹೇಳ್ತೀನಿ. ನೀವು ಬರೆದುಕೊಟ್ಟಿದ್ದು ಒಂದೂ ಮಾಡಿಲ್ಲ ನಾನು. ನನಗೆ ಮೊದ್ಲಿಂದನೂ ಮೈಗಳ್ಳತನ."

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಪರೀಕ್ಷೆ ಮಾಡಿಸಿದಾಗ ರೋಗ ಬೆನ್ನುಮೂಳೆಗೆ ಹೋಗಿದ್ದು ಗೊತ್ತಾಯಿತು. ಅದಕ್ಕೆ ಬೇರೆ ಚಿಕಿತ್ಸೆ ಆಯಿತು, ನೋವು ತಗ್ಗಿತು. ಆಮೇಲೆ ಮೇಡಂ ತಾವೇ ನಿಂತು ಅವರಿಗೆ ಕೂತಲ್ಲೇ ಮಾಡುವ ಸಣ್ಣ ಚಲನೆಗಳನ್ನು ಹೇಳಿಕೊಟ್ಟರು. ಎರಡು ವರ್ಷ ಅವರು ಕೋಲೂರಿ ತಮ್ಮ ಕಾಲ ಮೇಲೇ ಓಡಾಡಿದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ವ್ಯಾಯಾಮವೂ ಮದ್ದೇ. ಮದ್ದು ಕೊಡುವ ಮುಂಚೆ ಎಷ್ಟು ಕೇಳುತ್ತೀರೋ ಇದಕ್ಕೂ ಅಷ್ಟು ಕೇಳಿ. ಎಲ್ಲ ರೋಗಿಗಳೂ ಹಾಲೇಶಪ್ಪನವರಷ್ಟು ಸೋಮಾರಿಗಳಾಗಿರುವುದಿಲ್ಲ.

ಅವತ್ತು ನ್ಯಾಮತಿಯಿಂದ ವಾಪಸು ಬರುವಾಗ ಜೀಪಿನಲ್ಲಿ ಮೇಡಂ ನನ್ನ ಕಡೆ ತಿರುಗಿದರು. "ತಿಪ್ಪೇಸ್ವಾಮಿಯವರೇ, ತಪ್ಪು ಎಲ್ಲರೂ ಮಾಡ್ತಾರೆ. ನಾನೂ ಮಾಡಿದ್ದೀನಿ. ಇಂಥದ್ದು ಇನ್ನೂ ಏನಾದ್ರೂ ಇದ್ದರೆ ಈಗ್ಲೇ ಹೇಳಿಬಿಡಿ."

ಖೈರುನ್‌ಬಿಯ ವಿಷಯ ಹೇಳಿದೆ. ಎರಡನೇ ಓಣಿಯನ್ನು ಬಿಟ್ಟು ಮೂರನೇ ಓಣಿ ಸುತ್ತುತ್ತಿದ್ದುದನ್ನೂ ಹೇಳಿದೆ.

"ಅವರಿಗೆ ನೀವೇ ಹೇಳಬೇಕು. ನಾನು ಬರೋದಿಲ್ಲ" ಎಂದರು ಮೇಡಂ.

ಆ ಮಂಗಳವಾರ ಎರಡನೇ ಓಣಿಯಲ್ಲಿ ಹೋದೆ. ಅಂಗಡಿಯ ಮುಂದೆ ಖೈರುನ್‌ಬಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಗಟ್ಟಿಯಾಗಿದ್ದ ಹೆಂಗಸು ಎಲ್ಲಿ ಹೋದರೋ. ಮೈ ದಪ್ಪವಾಗಿ, ಮುಖ ಊದಿ, ಬಲಗೈಯನ್ನು ತೊಡೆಯ ಮೇಲೆ ಒಂದು ವಸ್ತುವಿನ ಹಾಗೆ ಇಟ್ಟುಕೊಂಡಿದ್ದರು. ಒಳಗೆ ಸೊಸೆ ಫಾತಿಮಾ ಒಬ್ಬಳೇ ಗಾದಿ ಬಡಿಯುತ್ತಿದ್ದಳು. ನಾನು ಎಷ್ಟು ಹುಷಾರಾಗಿ ಹೇಳಿದ್ದೆನೋ ಆಕೆ ಅಷ್ಟೇ ಹುಷಾರಾಗಿ ಪಾಲಿಸಿದ್ದರು. ಆ ಕೈ ಈಗ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಇಷ್ಟು ಕಾಪಾಡಿದರೂ ಸ್ವಲ್ಪ ಬಾತುಕೊಂಡಿತ್ತು.

ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ಒರಗಲು ಕುರ್ಚಿ ಇರಲಿಲ್ಲ. "ಅಮ್ಮಾ, ಅವತ್ತು ನಾನು ಹೇಳಿದ್ದು ತಪ್ಪು. ಆ ಕೈ ಆಡಿಸಬೇಕಿತ್ತು. ಮೆಲ್ಲಗೆ ಭಾರಾನೂ ಎತ್ತಬಹುದಿತ್ತು. ನನಗೆ ಗೊತ್ತಿರಲಿಲ್ಲ."

ಒಳಗೆ ಕೋಲಿನ ಸದ್ದು ನಿಂತಿತು.

"ಗೊತ್ತಿರ್ಲಿಲ್ಲ ಅಂತ ಅವತ್ತು ಯಾಕ್ ಹೇಳ್ಲಿಲ್ಲ?" ಎಂದು ಖೈರುನ್‌ಬಿ ಕೇಳಿದರು. ದನಿ ಏರಿರಲಿಲ್ಲ.

ಆಕೆ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಮಾಡಿಕೊಂಡರು.

"ಮೂರು ವರ್ಷ ಸಾರ್. ಮೊಮ್ಮಗಳು ಹುಟ್ಟಿ ಎರಡು ವರ್ಷ ಆತು. ಒಂದು ದಿನ ಎತ್ಕಂಡಿಲ್ಲ ನಾನು. ಎಲ್ಲಾರೂ ಎತ್ಕಂತಾರೆ, ನಾನು ನೋಡ್ತಾ ಕೂತಿರ್ತೀನಿ. ಅದು ನನ್ನ ಹತ್ರ ಬರಾಕೂ ಬಿಟ್ಬಿಟ್ಟೈತೆ." ಆಮೇಲೆ ಮುಖ ತಿರುಗಿಸಿ, "ಹೋಗ್ರಿ ಸಾರ್. ಈಗ ಹೋಗ್ರಿ" ಎಂದರು.

ಹೋದೆ. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ. ಅಲ್ಲಿಯವರೆಗೆ ಹತ್ತಬೇಕೆಂದೇ ನೆನಪಾಗಿರಲಿಲ್ಲ.

ಮುಂದಿನ ಮಂಗಳವಾರ ಮತ್ತೆ ಹೋದೆ. ಬೈದರೆ ಬೈಯಲಿ ಎಂದುಕೊಂಡಿದ್ದೆ. ಖೈರುನ್‌ಬಿ ನನ್ನನ್ನು ನೋಡಿ, "ಈಗ ಮಾಡಿದ್ರೆ ಬರ್ತೈತಾ?" ಎಂದಷ್ಟೇ ಕೇಳಿದರು.

"ಪೂರ್ತಿ ಬರ್ತೈತೆ ಅಂತ ನಾನು ಹೇಳಲ್ಲಮ್ಮ. ಎಷ್ಟು ಬರ್ತೈತೋ ಗೊತ್ತಿಲ್ಲ" ಎಂದೆ. ಮೂವತ್ತು ವರ್ಷದ ಸೇವೆಯಲ್ಲಿ ರೋಗಿಯ ಮುಂದೆ ಗೊತ್ತಿಲ್ಲ ಎಂದಿದ್ದು ಅದೇ ಮೊದಲು.

"ಹಂಗಾದ್ರೆ ಒಂದು ಮಾತು. ನೀವು ಹೇಳಿ ಹೋಗೋದು ಬ್ಯಾಡ. ನಾನು ಎಷ್ಟು ಮಾಡ್ತೀನೋ ನೀವೂ ಅಷ್ಟು ಮಾಡ್ಬೇಕು. ನನ್ನ ಜೋಡಿ ನಿಂತು."

ಒಪ್ಪಿಕೊಂಡೆ. ಬಾತ ಕೈಗೆ ಹಾಕುವ ಬಿಗಿ ಬಟ್ಟೆಯ ತೋಳುಚೀಲವನ್ನು ಮೇಡಂ ಹೇಳಿ ತರಿಸಿಕೊಟ್ಟರು. ಅಂಗಡಿಯ ಹಿಂದಿನ ಗೋಡೆಗೆ ಮುಖ ಮಾಡಿ ಇಬ್ಬರೂ ನಿಲ್ಲುತ್ತಿದ್ದೆವು. ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು. ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಫಾತಿಮಾ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಅತ್ತೆಗೊಂದು ಗೆರೆ, ನನಗೊಂದು ಗೆರೆ. ಎರಡು ಕೈ ಚೆನ್ನಾಗಿದ್ದ ನನ್ನ ಭುಜವೂ ಅರ್ಧ ದಾರಿಯಲ್ಲಿ ಕರಕರ ಎಂದು ನಿಂತುಬಿಡುತ್ತಿತ್ತು. "ಸಾರ್ ಗೆರೆ ಎರಡು ವಾರದಿಂದ ಅಲ್ಲೇ ಐತಲ್ಲ ಅತ್ತೆಮ್ಮಾ" ಎಂದು ಫಾತಿಮಾ ನಗುತ್ತಿದ್ದಳು. ಮಂಗಳವಾರ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಉಳಿದ ದಿನ ನಾನು ಮನೆಯಲ್ಲಿ ಅಭ್ಯಾಸ ಮಾಡತೊಡಗಿದೆ. ಹಾಲಿಗೆ ನಡೆದು ಹೋದೆ. ಸರೋಜ ಮೊದಲ ದಿನ ಸ್ಕೂಟರ್ ಕೆಟ್ಟಿದೆ ಎಂದುಕೊಂಡಳು.

ಖೈರುನ್‌ಬಿಯ ಗೆರೆ ಮೆಲ್ಲಗೆ ಹತ್ತಿತು. ಒಂದು ವಾರ ಹತ್ತಿ, ಒಂದು ವಾರ ನಿಂತು, ಒಂದು ವಾರ ಜ್ವರ ಬಂದು ಇಳಿದು, ಮತ್ತೆ ಹತ್ತಿತು. ಕೈ ಎಷ್ಟು ದಪ್ಪವಿದೆ ಎಂದು ಪ್ರತಿ ವಾರ ಟೇಪಿನಲ್ಲಿ ಅಳೆಯುತ್ತಿದ್ದೆ. ಬಾವು ಹೆಚ್ಚಲಿಲ್ಲ. ನಾಲ್ಕು ತಿಂಗಳಿಗೆ ಅರ್ಧ ಲೀಟರ್ ನೀರಿನ ಬಾಟಲಿ ಎತ್ತಿದರು. ಆಮೇಲೆ ಒಂದು ಲೀಟರ್. ಒಂದು ದಿನ ನಾನು ಹೋದಾಗ ಅಂಗಡಿಯೊಳಗೆ ಮೊಮ್ಮಗಳು ಅವರ ಬಲಗೈಯ ಮೇಲೆ ಕೂತು, ಅವರ ಕಿವಿಯ ಓಲೆ ಎಳೆಯುತ್ತಿದ್ದಳು. ಎಡಗೈ ಕೆಳಗೆ ಆಸರೆಯಾಗಿತ್ತು. ಖೈರುನ್‌ಬಿ ನನ್ನ ಕಡೆ ನೋಡಲಿಲ್ಲ. ನಾನೂ ಒಳಗೆ ಹೋಗದೆ ಸ್ವಲ್ಪ ಹೊತ್ತು ಹೊರಗೇ ನಿಂತೆ. ವರ್ಷ ತುಂಬುವ ಹೊತ್ತಿಗೆ ಸಣ್ಣ ಕೋಲು ಹಿಡಿದು ತಲೆದಿಂಬು ಬಡಿಯುತ್ತಿದ್ದರು. ಮೊದಲಿನ ಹಾಗೆ ಮದುವೆಯ ಗಾದಿ ಒಬ್ಬರೇ ಬಡಿಯುವುದು ಆಗಲೇ ಇಲ್ಲ. ಅರ್ಧ ಅವರು, ಅರ್ಧ ಫಾತಿಮಾ. ಮಾಫ್ ಮಾಡಿದೆ ಎಂದು ಆಕೆ ನನಗೆ ಒಮ್ಮೆಯೂ ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಬದಲಿಗೆ ಇನ್ನೊಂದು ಕೆಲಸ ಶುರು ಮಾಡಿದರು. ಮಂಗಳವಾರ ನನ್ನ ಕೋಣೆಗೆ ಬಂದು ಮೂಲೆಯ ಬೆಂಚಿನ ಮೇಲೆ ಕೂರುವುದು. ಎದೆಯ ಆಪರೇಷನ್ ಆದ ಹೆಂಗಸರು ಯಾರಾದರೂ ಬಂದರೆ ನಾನು ಬಾಯಿ ತೆರೆಯುವ ಮುಂಚೆ, "ಇಲ್ಲಿ ಕೇಳವ್ವ, ಈ ಸಾರ್ ನಂಗೆ ಏನ್ ಮಾಡಿದ್ರು ಅಂತ ಹೇಳ್ತೀನಿ" ಎಂದು ಶುರು ಮಾಡುವುದು. ತಂಬಿಗೆ ಎತ್ತಬೇಡಿ ಎಂದಿದ್ದು, ಮೂರು ವರ್ಷ ಕುರ್ಚಿಯಲ್ಲಿ ಕೂತಿದ್ದು, ನಾನು ಓಣಿ ತಪ್ಪಿಸಿ ಓಡಾಡಿದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಓಣಿಯ ವಿಷಯ ನಾನೇ ಒಂದು ದಿನ ಬಾಯಿ ತಪ್ಪಿ ಹೇಳಿದ್ದೆ. ನಾನು ತಲೆ ತಗ್ಗಿಸಿ ವಹಿ ಬರೆಯುವ ಹಾಗೆ ನಟಿಸುತ್ತಿದ್ದೆ. ಸಾಕು ಎನ್ನುವ ಹಕ್ಕು ನನಗಿಲ್ಲವೆಂದು ಗೊತ್ತಿತ್ತು.

ನನ್ನ ಸೇವೆಯ ಕೊನೆಯ ಮಂಗಳವಾರ ಬಂದವಳು ಹೊನ್ನಾಳಿ ಕಡೆಯ ಒಬ್ಬ ಶಾಲಾ ಶಿಕ್ಷಕಿ. ಮೂವತ್ತೈದೂ ಇರಲಿಕ್ಕಿಲ್ಲ. ಕೀಮೋದಿಂದ ಉದುರಿದ ಕೂದಲು ಬೆರಳುದ್ದ ಬಂದಿತ್ತು. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಬೋರ್ಡಿನ ಮೇಲೆ ಬರೆಯುವುದು ಬಲಗೈಯಲ್ಲೇ, ಆದರೆ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಲು ಹೆದರಿಕೆ, ಯಾರಾದರೂ ಕೈ ಎಳೆದುಬಿಟ್ಟರೆ ಎಂದಳು. ಖೈರುನ್‌ಬಿ ಎಂದಿನಂತೆ ಪೂರ್ತಿ ಕಥೆ ಹೇಳಿದರು. ಹುಡುಗಿ ಕೇಳುತ್ತ ಕೇಳುತ್ತ ನನ್ನ ಕಡೆ ತಿರುಗಿದಳು.

"ನಿಜಾನಾ ಸಾರ್?"

"ನಿಜ ಕಣಮ್ಮ."

"ಅವಾಗ ಎತ್ತಬ್ಯಾಡಿ ಅಂದ್ರಿ. ಈಗ ಎತ್ತಿ ಅಂತೀರಿ. ಈಗ ಹೇಳ್ತಿರೋದು ಸರಿ ಅಂತ ನಾನು ಹೆಂಗೆ ನಂಬ್ಲಿ?"

ಶಿಕ್ಷಕಿಯಲ್ಲವೇ, ಪ್ರಶ್ನೆ ನೆಟ್ಟಗಿತ್ತು. ತರಬೇತಿಯಲ್ಲಿ ಕೇಳಿದ್ದು, ಓದಿದ್ದು, ಮೇಡಂ ಹೇಳಿದ್ದು ಎಲ್ಲ ಹೇಳಬಹುದಿತ್ತು. ಅವತ್ತೂ ನಾನು ಓದಿದ್ದನ್ನೇ ಹೇಳಿದ್ದೆನಲ್ಲ.

ಬೆಂಚಿನ ಮೇಲಿದ್ದ ಖೈರುನ್‌ಬಿ ಎದ್ದರು. ಬುರ್ಖಾದ ತೋಳನ್ನು ಮೊಣಕೈವರೆಗೆ ಸರಿಸಿದರು. ಬಾಗಿಲ ಹಿಂದೆ ಕುಡಿಯುವ ನೀರು ತುಂಬಿದ ಸಣ್ಣ ಸ್ಟೀಲ್ ಕೊಡ ಇತ್ತು. ಅದನ್ನು ಬಲಗೈಯಲ್ಲಿ ಎತ್ತಿ ತಂದು, ಒಂದು ಹನಿಯೂ ಚೆಲ್ಲದೆ ನನ್ನ ಮೇಜಿನ ಮೇಲೆ, ನನ್ನ ವಹಿಯ ಮೇಲೇ ಇಟ್ಟರು.

"ಈಗ ಹೇಳ್ತಿರೋದು ಸಾರ್ ಅಲ್ಲವ್ವ, ನಾನು" ಎಂದರು. "ಸೆರಗು ತೆಗಿ. ಕೈ ಗೋಡೆ ಮ್ಯಾಲೆ ಇಡು."

ಹುಡುಗಿ ಕೈಗೆ ಸುತ್ತಿದ್ದ ಸೆರಗು ಬಿಚ್ಚಿ ಎದ್ದು, ಗೋಡೆಯ ಹತ್ತಿರ ಹೋಗಿ, ಬೆರಳು ಇಟ್ಟಳು. ಖೈರುನ್‌ಬಿ ಅವಳ ಪಕ್ಕದಲ್ಲಿ ತಮ್ಮ ಬೆರಳೂ ಇಟ್ಟರು. ಕುರ್ಚಿಯಲ್ಲಿ ಕೂತೇ ಇದ್ದ ನನ್ನ ಕಡೆ ತಿರುಗಿ, "ನಿಮಗೆ ಬ್ಯಾರೆ ಹೇಳ್ಬೇಕಾ ಸಾರ್?" ಎಂದರು.

ನಾನು ಎದ್ದು ಹೋಗಿ ಮೂರನೆಯವನಾಗಿ ಗೋಡೆಗೆ ನಿಂತೆ.